ಮನೆ ತುಂಬಾ ಫೋನು, ಜೇಬಿನಲ್ಲಿ ಒಂದೂ ಇಲ್ಲ

1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಒಂದು ಪುಟ್ಟ ದೃಶ್ಯವಿದೆ. ಚಂದ್ರನಿಗೆ ಹೊರಟ ಅಪ್ಪ ಬಾಹ್ಯಾಕಾಶ ನಿಲ್ದಾಣದ ಫೋನ್ ಬೂತ್‌ನಲ್ಲಿ ಕೂರುತ್ತಾನೆ. ಪರದೆಯಲ್ಲಿ ಮಗಳು ಬರುತ್ತಾಳೆ. ಹುಟ್ಟುಹಬ್ಬಕ್ಕೆ ಏನು ಬೇಕು ಅಂದರೆ, ಟೆಲಿಫೋನ್ ಅನ್ನುತ್ತಾಳೆ. ಮನೆಯಲ್ಲಿ ಆಗಲೇ ಬೇಕಾದಷ್ಟಿವೆ ಅಂತ ಅಪ್ಪ ನಗುತ್ತಾನೆ. ಮಾತು ಮುಗಿದಾಗ ಪರದೆಯಲ್ಲಿ ಬಿಲ್ಲು: 1.70 ಡಾಲರ್. ಅಷ್ಟೆಲ್ಲ ಫೋನ್ ಇರುವ ಮನುಷ್ಯನ ಜೇಬಿನಲ್ಲಿ ಒಂದೂ ಇಲ್ಲ!

ಅದೇ ಚಿತ್ರದಲ್ಲಿ ಗಗನಯಾನಿಗಳು ಊಟ ಮಾಡುತ್ತಾ ತೆಳ್ಳನೆಯ ಹಲಗೆಯಂಥ ಪರದೆಯಲ್ಲಿ ಟಿವಿ ನೋಡುತ್ತಾರೆ. ಥೇಟ್ ಟ್ಯಾಬ್ಲೆಟ್. 2011ರಲ್ಲಿ ಆಪಲ್ ಜೊತೆಗಿನ ವಿನ್ಯಾಸದ ಮೊಕದ್ದಮೆಯಲ್ಲಿ ಸ್ಯಾಮ್‌ಸಂಗ್ ಈ ದೃಶ್ಯವನ್ನೇ ಕೋರ್ಟಿನ ಮುಂದಿಟ್ಟಿತ್ತು. ಆದರೆ ಆ ಹಲಗೆಯಿಂದ ಯಾರೂ ಫೋನ್ ಮಾಡುವುದಿಲ್ಲ.

1966ರಲ್ಲಿ ಶುರುವಾದ ಬಾಹ್ಯಾಕಾಶ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನಲ್ಲೂ ಹೀಗೇ, ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ. ಮಾತಾಡಲು ಮುಚ್ಚಳ ತೆರೆಯುವ ಕಮ್ಯುನಿಕೇಟರ್. ಸುತ್ತಲಿನದನ್ನು ಅಳೆಯಲು ಹೆಗಲಿಗೆ ನೇತುಹಾಕಿದ ಟ್ರೈಕಾರ್ಡರ್.

ಇದು ಕಲ್ಪನೆಯ ಬಡತನ ಅಂತ ನನಗೆ ಅನ್ನಿಸುವುದಿಲ್ಲ. ಆಗ ಯಂತ್ರದ ಕೆಲಸ ಅದರ ತಂತಿಗಳಲ್ಲೇ ಇರುತ್ತಿತ್ತು. ರೇಡಿಯೊ ಅಂದರೆ ರೇಡಿಯೊ, ಅಷ್ಟೇ. ಪ್ರೋಗ್ರಾಂ ಬದಲಿಸಿ ಬೇರೆ ಕೆಲಸ ಹೇಳಬಹುದಾದ ಕಂಪ್ಯೂಟರ್‌ಗೆ ಹೆಚ್ಚಾಗಿ ಒಂದು ಕೋಣೆಯೇ ಬೇಕಿತ್ತು. ಕಂಪ್ಯೂಟರಿನ ಮಿದುಳನ್ನು ಒಂದೇ ಚಿಪ್‌ನಲ್ಲಿ ಅಡಗಿಸಿದ ಇಂಟೆಲ್‌ನ 4004 ಮಾರಾಟಕ್ಕೆ ಬಂದದ್ದು 1971ರಲ್ಲಿ. ಇನ್ನೊಂದು ಕಾರಣ ಕಥೆಯದ್ದೇ. ಮುಚ್ಚಳ ತೆರೆದ ಕೂಡಲೇ, ಇವನು ಯಾರನ್ನೋ ಕರೆಯುತ್ತಿದ್ದಾನೆ ಅಂತ ನೋಡುವವರಿಗೆ ಗೊತ್ತಾಗಬೇಕು, ಅಲ್ವಾ?

ಎಲ್ಲವನ್ನೂ ಒಂದೇ ಯಂತ್ರಕ್ಕೆ ವಹಿಸಿದವರು ಮೊದಲೂ ಇದ್ದರು. ಇಂಗ್ಲಿಷ್ ಲೇಖಕ ಇ.ಎಂ. ಫಾರ್ಸ್ಟರ್ 1909ರಲ್ಲೇ ಅಂಥ ಕಥೆ ಬರೆದರು. ಅದರಲ್ಲಿ ಗೆಳೆಯರ ಮಾತು, ಸಂಗೀತ, ಊಟ, ಸ್ನಾನ ಎಲ್ಲಕ್ಕೂ ಗುಂಡಿಗಳಿವೆ. ಆದರೆ ಅವು ಇರುವುದು ನೆಲದಡಿಯ ಕೋಣೆಯಲ್ಲಿ. ಜನ ಆ ಕೋಣೆ ಬಿಟ್ಟು ಹೊರಬರುವುದೇ ಅಪರೂಪ. ನನಗೆ ಕಾಣುವುದು ಇದು: ಎಲ್ಲ ಮಾಡುವ ಯಂತ್ರ ಕೋಣೆಯಲ್ಲಿ ಉಳಿಯಿತು, ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಒಂದೇ ಕೆಲಸ ಸಿಕ್ಕಿತು. ಎರಡನ್ನೂ ಸೇರಿಸಿದವರು ಕಡಿಮೆ.

ನಿಜ ಜೀವನದಲ್ಲೂ ಅದಕ್ಕೆ ಸಮಯ ಹಿಡಿಯಿತು. 1973ರ ಏಪ್ರಿಲ್ 3ರಂದು ಮೊಟೊರೊಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್ ನ್ಯೂಯಾರ್ಕ್ ಬೀದಿಯಲ್ಲಿ ಹಿಡಿದಿದ್ದ ಮೊಬೈಲ್ ಒಂದು ಕಿಲೋಗಿಂತ ಜಾಸ್ತಿ ತೂಗುತ್ತಿತ್ತು. ಅದರಲ್ಲಿ ಮಾತು ಮಾತ್ರ. 1994ರ ಐಬಿಎಂ ಸೈಮನ್ ಫೋನ್‌ನಲ್ಲಿ ಫ್ಯಾಕ್ಸ್, ಇಮೇಲ್, ಕ್ಯಾಲೆಂಡರ್ ಎಲ್ಲ ಇತ್ತು. ಬ್ಯಾಟರಿ ಮಾತ್ರ ಒಂದು ಗಂಟೆಯ ಮಾತಿಗೇ ಸುಸ್ತಾಗುತ್ತಿತ್ತು. 2007ರಲ್ಲಿ ಐಫೋನ್ ಬಂದ ಮೇಲೆ ಈ ಜೋಡಣೆ ಮಾಮೂಲಾಯಿತು.

1987ರ ಹೊಸ ‘ಸ್ಟಾರ್ ಟ್ರೆಕ್’ನಲ್ಲಿ ಕಮ್ಯುನಿಕೇಟರ್ ಎದೆಯ ಮೇಲಿನ ಬ್ಯಾಡ್ಜ್ ಆಯಿತು. ಮುಟ್ಟಿದರೆ ಮಾತು. ನೋಡಲು ಪರದೆಯೇ ಇಲ್ಲ, ಹಾಗಾಗಿ ಮಾತಾಡುವಾಗಲೂ ಕಣ್ಣು ಎದುರಿಗಿರುವವರ ಮೇಲೇ ಇರುತ್ತದೆ. ಆ ಬ್ಯಾಡ್ಜ್ ನನಗೆ ಈಗಲೂ ಬೇಕು ಅನ್ನಿಸುತ್ತದೆ.