ರೈಸ್, ಪೀ, ನಟ್: ಮನೆಯ ಒಲೆಗೆ ಯಾವ ಕಲ್ಲಿದ್ದಲು?

ಪ್ರಶ್ನೆ: ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಸಮೀಪ ಹಳೆಯ ಮನೆಯೊಂದನ್ನು ಕೊಂಡಿದ್ದೇವೆ. ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಒಲೆಯಿದೆ, ಚೆನ್ನಾಗಿಯೇ ಇದೆ. ಕಲ್ಲಿದ್ದಲು ತರಲು ಹೋದಾಗ ಅಂಗಡಿಯವರು ‘ರೈಸ್ ಬೇಕೋ, ಪೀ ಬೇಕೋ, ನಟ್ ಬೇಕೋ’ ಎಂದು ಕೇಳಿದರು. ಯಾವುದನ್ನು ತರಬೇಕು? ಯಾವ ಕಲ್ಲಿದ್ದಲಾದರೂ ನಡೆಯುತ್ತದೆಯೇ?

ಉತ್ತರ: ದಿನಸಿ ಅಂಗಡಿಯ ಚೀಟಿಯಂತೆ ಕೇಳಿಸುವ ಈ ಹೆಸರುಗಳು ಕಲ್ಲಿದ್ದಲಿನ ತುಂಡುಗಳ ಗಾತ್ರವನ್ನು ಹೇಳುತ್ತವೆಯೇ ಹೊರತು ಅದರ ಜಾತಿಯನ್ನಲ್ಲ. ತಮ್ಮ ಪ್ರಶ್ನೆಯಲ್ಲಿ ಈ ಎರಡೂ ಬೆರೆತಿವೆ. ಮೊದಲು ಜಾತಿಯ ವಿಷಯ.

ಪೀಟ್, ಲಿಗ್ನೈಟ್, ಬಿಟುಮಿನಸ್, ಆಂಥ್ರಸೈಟ್ ಎಂದು ಶಾಲೆಯ ಭೂಗೋಳದಲ್ಲಿ ಬಾಯಿಪಾಠ ಮಾಡಿದ್ದು ಹಲವರಿಗೆ ನೆನಪಿರಬಹುದು. ಆ ಸಾಲಿನ ಕೊನೆಯದಾದ ಆಂಥ್ರಸೈಟ್, ಅಮೆರಿಕದ ಮಟ್ಟಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ ತಾವಿರುವ ಈಶಾನ್ಯ ಪೆನ್ಸಿಲ್ವೇನಿಯಾದ ನೆಲದಲ್ಲೇ ಇದೆ. ಕೈಗೆ ತೆಗೆದುಕೊಂಡರೆ ಗಟ್ಟಿಯಾಗಿ, ಗಾಜಿನಂತೆ ಹೊಳೆಯುತ್ತದೆ. ಬೆರಳಿಗೆ ಮಸಿ ಅಷ್ಟಾಗಿ ಹತ್ತುವುದಿಲ್ಲ. ಕಾಯಿಸಿದಾಗ ಅನಿಲವಾಗಿ ಹೊರಬರುವ ಅಂಶ ಇದರಲ್ಲಿ ಶೇ. 8ಕ್ಕಿಂತ ಕಡಿಮೆ. ಬಿಟುಮಿನಸ್‌ನಲ್ಲಿ ಅದು ಶೇ. 20ರಿಂದ 40ರವರೆಗೆ ಇರುವುದು ಸಾಮಾನ್ಯ. ಹೊಗೆ, ಡಾಂಬರಿನಂಥ ಜಿಡ್ಡು, ಮಸಿ ಎಲ್ಲವೂ ಹುಟ್ಟುವುದು ಈ ಅನಿಲಗಳು ಪೂರ್ತಿ ಉರಿಯದೆ ಉಳಿದಾಗ. ಆದ್ದರಿಂದ ಬಿಟುಮಿನಸ್‌ಗೆ ಬೆಂಕಿಯ ಮೇಲ್ಭಾಗದಿಂದಲೂ ಗಾಳಿ ಬೇಕು. ಆಂಥ್ರಸೈಟಿಗೆ ಗಾಳಿ ಮುಖ್ಯವಾಗಿ ಕೆಳಗಿನಿಂದಲೇ ಬರಬೇಕು, ಮೇಲಿನಿಂದ ಹೆಚ್ಚು ಗಾಳಿ ಬಿಟ್ಟರೆ ಬೆಂಕಿ ತಣ್ಣಗಾಗುತ್ತದೆ. ಒಂದಕ್ಕೆಂದು ಮಾಡಿದ ಒಲೆಯಲ್ಲಿ ಇನ್ನೊಂದನ್ನು ಹಾಕಿದರೆ ಹೊಗೆಕೊಳವೆಯಲ್ಲಿ ಮಸಿ ಕಟ್ಟಿಕೊಳ್ಳುತ್ತದೆ, ಇಲ್ಲವೇ ಬೆಂಕಿ ಹತ್ತುವುದೇ ಇಲ್ಲ. ತಮ್ಮ ಸೀಮೆಯ ಮನೆಯ ಒಲೆಗಳು ಸಾಮಾನ್ಯವಾಗಿ ಆಂಥ್ರಸೈಟಿಗಾಗಿಯೇ ಮಾಡಿದವು. ಆದರೂ ಒಲೆಯ ಹಿಂಬದಿಯಲ್ಲಿರುವ ಲೋಹದ ಪಟ್ಟಿಯನ್ನು ಓದದೆ ಒಂದು ಚೀಲವನ್ನೂ ತರಬೇಡಿ. ಯಾವ ಇಂಧನಕ್ಕೆ ಆ ಒಲೆ ಪರೀಕ್ಷೆಗೊಂಡಿದೆ ಎಂಬುದು ಅಲ್ಲಿಯೇ ಬರೆದಿರುತ್ತದೆ. ಸೌದೆಗೆ ಮಾತ್ರ ಎಂದಿದ್ದರೆ ಕಲ್ಲಿದ್ದಲಿನ ಮಾತನ್ನು ಅಲ್ಲಿಗೇ ಬಿಡುವುದು ಲೇಸು.

ಕೆಳಗಿನಿಂದ ಗಾಳಿ ಎಂಬ ಈ ಒಂದು ಸಂಗತಿ ತಿಳಿಯದೆ, ಮನೆ ಕಾಯಿಸಲು ಆಂಥ್ರಸೈಟ್ ಒದಗದ ಕಲ್ಲು ಎಂದೇ ಬಹುಕಾಲ ಜನ ನಂಬಿದ್ದರು. ಕಮ್ಮಾರರು ತಿದಿ ಒತ್ತಿ ಅದನ್ನು ಕುಲುಮೆಯಲ್ಲಿ ಉರಿಸುತ್ತಿದ್ದರು. ಮನೆಯಲ್ಲಿ ತಿದಿ ಒತ್ತುತ್ತ ಕೂರುವವರು ಯಾರು? ತಮ್ಮ ನೆರೆಯ ವಿಲ್ಕ್ಸ್-ಬ್ಯಾರಿಯಲ್ಲಿ 1808ರ ಫೆಬ್ರವರಿ 11ರಂದು ಜೆಸ್ಸಿ ಫೆಲ್ ಎಂಬವರು ಕಬ್ಬಿಣದ ಸರಳುಗಳ ಜಾಲರಿಯ ಮೇಲೆ ಕಲ್ಲಿದ್ದಲನ್ನು ಪೇರಿಸಿ, ತಿದಿಯಿಲ್ಲದೆ, ಚಿಮಣಿಯ ಸಹಜ ಸೆಳೆತದಿಂದಲೇ ಅದನ್ನು ಉರಿಸಿ ತೋರಿಸಿದರು. ಇಂದಿನ ತಮ್ಮ ಒಲೆಯ ತಳದಲ್ಲಿರುವುದೂ ಅದೇ ಜಾಲರಿಯ ವಂಶ.

ಗಾತ್ರದ ಪ್ರಶ್ನೆಗೆ ಉತ್ತರವೂ ಆ ಜಾಲರಿಯಲ್ಲಿಯೇ ಇದೆ. ರೈಸ್ ಎಂದರೆ ಸುಮಾರು 5ರಿಂದ 8 ಮಿಲಿಮೀಟರಿನ ಚೂರುಗಳು, ಬಕ್‌ವೀಟ್ 8ರಿಂದ 14, ಪೀ 14ರಿಂದ 21, ನಟ್ 21ರಿಂದ 41 ಮಿಲಿಮೀಟರಿನ ತುಂಡುಗಳು. ಅದಕ್ಕೂ ದೊಡ್ಡವು ಸ್ಟೋವ್ ಮತ್ತು ಎಗ್. ಒಲೆಯ ಮೇಲೋ ಹಿಂದೆಯೋ ಕಲ್ಲಿದ್ದಲು ತುಂಬುವ ಡಬ್ಬಿಯಿದ್ದು, ವಿದ್ಯುತ್ ಮೋಟರು ಅದನ್ನು ಸ್ವಲ್ಪಸ್ವಲ್ಪವೇ ತಳ್ಳುತ್ತಿದ್ದರೆ ಅದು ಸ್ಟೋಕರ್. ಅದಕ್ಕೆ ಸಾಮಾನ್ಯವಾಗಿ ರೈಸ್, ಕೆಲವಕ್ಕೆ ಬಕ್‌ವೀಟ್. ಅಲ್ಲಿ ನಟ್ ಹಾಕಿದರೆ ತಳ್ಳುವ ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ. ಬಾಗಿಲು ತೆರೆದು ಸಲಿಕೆಯಿಂದ ಹಾಕುವ ಒಲೆಯಾದರೆ ನಟ್ ಅಥವಾ ಪೀ. ಅದಕ್ಕೆ ರೈಸ್ ಸುರಿದರೆ ಅರ್ಧ ಪಾಲು ಉರಿಯುವ ಮೊದಲೇ ಜಾಲರಿಯ ಕೆಳಗಿನ ಬೂದಿತಟ್ಟೆಗೆ ಸೋರುತ್ತದೆ, ಉಳಿದದ್ದು ಒತ್ತಾಗಿ ಕೂತು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಕೈಯಿಂದ ಹಾಕುವ ಒಲೆಗೆ ಮೊದಲ ಚಳಿಗಾಲದಲ್ಲಿ ನಟ್ ತರುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ತುಂಡುಗಳ ನಡುವೆ ಗಾಳಿಗೆ ಸಲೀಸಾದ ಎಡೆಯಿರುವುದರಿಂದ ಹೊಸಬರ ತಪ್ಪುಗಳನ್ನು ಅದು ಸಹಿಸಿಕೊಳ್ಳುತ್ತದೆ. 40 ಪೌಂಡಿನ, ಎಂದರೆ ಸುಮಾರು 18 ಕಿಲೋಗ್ರಾಮಿನ ನಾಲ್ಕಾರು ಚೀಲ ತಂದು ನೋಡಿ, ಒಲೆಗೆ ಒಗ್ಗಿದರೆ ಆಮೇಲೆ ಟನ್ನುಗಟ್ಟಲೆ ಹಾಕಿಸಿಕೊಳ್ಳಬಹುದು.

ಸೌದೆ ಒಲೆಯ ಮುಂದೆ ಬೆಳೆದ ಕೈಗಳು ಇಲ್ಲಿ ಎಡವುತ್ತವೆ. ಬೆಂಕಿ ಮಂಕಾದರೆ ಕೊಳ್ಳಿ ಮುಂದೂಡಿ, ಕೆದಕಿ, ಊದುಗೊಳವೆಯಿಂದ ಊದುವುದು ನಮಗೆ ಅಭ್ಯಾಸ. ಆಂಥ್ರಸೈಟನ್ನು ಮೇಲಿನಿಂದ ಕೆದಕಿದರೆ ಬೂದಿ ಕೆಂಡದೊಳಕ್ಕೆ ಇಳಿದು ಬೆಂಕಿಯೇ ಸಾಯುತ್ತದೆ. ನಾನೂ ಹೀಗೆ ಕೆದಕಿ, ರಾತ್ರಿಯೆಲ್ಲ ನಡುಗಿ, ಬೆಳಗ್ಗೆ ಉರಿಯದೆ ಉಳಿದ ಕಲ್ಲನ್ನೆಲ್ಲ ಬಕೆಟ್ಟಿಗೆ ತೋಡಿದವನು. ಮಾಡಬೇಕಾದದ್ದು ಇಷ್ಟು: ಒಣಸೌದೆಯಿಂದ ಬಿಸಿಯಾದ ಕೆಂಡ ಮಾಡಿ, ಅದರ ಮೇಲೆ ತೆಳುವಾಗಿ ಕಲ್ಲಿದ್ದಲು ಹರಡಿ, ಅದು ಚಿಟಚಿಟ ಎಂದು ಹತ್ತಿಕೊಂಡ ಮೇಲೆ ಇನ್ನಷ್ಟು ಹಾಕುತ್ತ, ಒಲೆಯ ಒಳಗೋಡೆಗೆ ಜೋಡಿಸಿದ ಬೆಂಕಿಯಿಟ್ಟಿಗೆಯ ಅಂಚಿನವರೆಗೂ ತುಂಬಬೇಕು, ತೆಳುವಾದ ಹಾಸಿನಲ್ಲಿ ಈ ಕಲ್ಲಿದ್ದಲು ನಿಲ್ಲುವುದಿಲ್ಲ. ಮೇಲೆ ನೀಲಿ ಜ್ವಾಲೆಗಳು ಸಣ್ಣಗೆ ಕುಣಿಯುತ್ತಿದ್ದರೆ ಒಲೆ ಸರಿಯಾಗಿದೆ ಎಂದರ್ಥ. ಆಮೇಲೆ ದಿನಕ್ಕೆ ಎರಡು ಸಲ ಹಿಡಿಯಿಂದ ಜಾಲರಿಯನ್ನು ಅಲುಗಿಸಿ, ಕೆಂಪು ಕಿಡಿಗಳು ತಟ್ಟೆಗೆ ಬೀಳತೊಡಗಿದೊಡನೆ ನಿಲ್ಲಿಸಿರಿ. ತಟ್ಟೆ ತುಂಬಿ ಬೂದಿ ಜಾಲರಿಗೆ ತಾಗುವಂತಾದರೆ ಗಾಳಿ ನಿಂತು, ಎರಕದ ಕಬ್ಬಿಣವೇ ಸುಟ್ಟು ಬಾಗುತ್ತದೆ.

ಆ ನೀಲಿ ಜ್ವಾಲೆ ಕಾರ್ಬನ್ ಮೊನಾಕ್ಸೈಡ್ ಉರಿಯುತ್ತಿರುವುದರ ಗುರುತು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ವಿಷಾನಿಲ ಉರಿದುಹೋದರೆ ಕ್ಷೇಮ. ಹೊಸ ಕಲ್ಲಿದ್ದಲು ಹಾಕುವಾಗ ಕೆಂಡವನ್ನೆಲ್ಲ ಮುಚ್ಚಿಬಿಟ್ಟರೆ ಅನಿಲ ಒಳಗೇ ತುಂಬಿ, ತಡವಾಗಿ ಒಮ್ಮೆಲೇ ಹತ್ತಿಕೊಂಡು ಬಾಗಿಲನ್ನೇ ಅದುರಿಸುತ್ತದೆ. ಒಂದು ಮೂಲೆಯಲ್ಲಿ ಕೆಂಡವನ್ನು ಕಾಣುವಂತೆ ಬಿಡುವುದು ಇದಕ್ಕಾಗಿಯೇ. ಒಲೆಯಿರುವ ಅಂತಸ್ತಿನಲ್ಲಿಯೂ ಮಲಗುವ ಕೋಣೆಗಳ ಬಳಿಯೂ ಮೊನಾಕ್ಸೈಡ್ ಅಲಾರಮ್ ಇಲ್ಲದೆ ಬೆಂಕಿ ಹೊತ್ತಿಸಲೇಬಾರದು, ಚಿಮಣಿಯನ್ನು ಮೊದಲು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಬಾರ್ಬೆಕ್ಯೂಗೆಂದು ಮಾರುವುದು ಇದ್ದಿಲು, ಕಲ್ಲಿದ್ದಲಲ್ಲ. ಹೆಸರು ಹತ್ತಿರವಿದೆಯೆಂದು ಅದನ್ನು ಈ ಒಲೆಗೆ ಹಾಕಕೂಡದು, ಅಗ್ಗಿಷ್ಟಿಕೆಯಲ್ಲಿ ತುಂಬಿ ಮುಚ್ಚಿದ ಕೋಣೆಯೊಳಗೆ ಇಡುವುದಂತೂ ಪ್ರಾಣಕ್ಕೇ ಕುತ್ತು.

ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿರುವ ಓದುಗರಿಗೆ ಜಾತಿಯ ಪ್ರಶ್ನೆಯನ್ನು ಕಾನೂನೇ ಬಗೆಹರಿಸಿದೆ. ಹೊಗೆಯಾಡುವ ಮನೆಬಳಕೆಯ ಕಲ್ಲಿದ್ದಲನ್ನು ಚೀಲಗಳಲ್ಲಿ ಮಾರುವುದನ್ನು ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, ಸುರಿದು ಕೊಡುವುದನ್ನು 2023ರ ಮೇ 1ರಿಂದ ನಿಷೇಧಿಸಲಾಗಿದೆ. ಐರ್ಲೆಂಡಿನಲ್ಲಿ ಅದರ ಮಾರಾಟ 2022ರ ಅಕ್ಟೋಬರ್ 31ರಿಂದ ದೇಶದಾದ್ಯಂತ ನಿಂತಿದೆ. ಆಂಥ್ರಸೈಟಿಗೆ ಇಂಗ್ಲೆಂಡಿನ ಈ ನಿಷೇಧ ತಾಗುವುದಿಲ್ಲ.

ಚಳಿಗಾಲ ಮುಗಿದೊಡನೆ ಹೊಗೆಕೊಳವೆಯನ್ನು ಬಿಚ್ಚಿ ಬೂದಿಯನ್ನು ಗುಡಿಸಿಬಿಡಿ. ಕಲ್ಲಿದ್ದಲಿನ ಬೂದಿಯಲ್ಲಿ ಗಂಧಕದ ಅಂಶವಿರುತ್ತದೆ. ಬೇಸಿಗೆಯಲ್ಲಿ ನೆಲಮಾಳಿಗೆಯ ತೇವ ಅದಕ್ಕೆ ಸೇರಿದರೆ ಆಮ್ಲವಾಗಿ, ಅಕ್ಟೋಬರಿನಲ್ಲಿ ತಾವು ಮತ್ತೆ ಒಲೆ ಹೊತ್ತಿಸಲು ಹೋಗುವಷ್ಟರಲ್ಲಿ ಕೊಳವೆಯ ತಗಡು ತೂತುಬಿದ್ದಿರುತ್ತದೆ.