ರಿಕ್ರೂಟ್ ಮಗ ಕಾಲು ನೋವು ಎಂದಾಗ ಮನೆಯವರು ಏನು ಕೇಳಬೇಕು?

ಸೇನೆಯ ಟ್ರೇನಿಂಗ್ ಸೆಂಟರ್‌ನಲ್ಲಿರುವ ಹುಡುಗರ ಕೈಗೆ ಮೊಬೈಲ್ ಸಿಗುವುದು ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಅವರು ಅವ್ವನ ಬಿಪಿ ಕೇಳುತ್ತಾರೆ, ಮಳೆ ಆಯ್ತಾ ಎನ್ನುತ್ತಾರೆ, ತಂಗಿಯ ರಿಸಲ್ಟ್ ವಿಚಾರಿಸುತ್ತಾರೆ. ಫೋನ್ ಇಡುವ ಹೊತ್ತಿಗೆ ಮೆಲ್ಲಗೆ ಒಂದು ಮಾತು ಬರುತ್ತದೆ: "ಸ್ವಲ್ಪ ಕಾಲು ನೋವು ಐತಿ." ಈ ಕಡೆಯಿಂದ ಅಪ್ಪ ಹೇಳುವುದು ಹೆಚ್ಚುಕಡಿಮೆ ಒಂದೇ: "ತಡಕೋ ಮಗಾ, ಇನ್ನೆಷ್ಟು ದಿನ ಉಳೀತು." ಹೇಳುವುದು ಪ್ರೀತಿಯಿಂದಲೇ. ಆದರೆ ನನ್ನ ಬಳಿ ಬರುವ ಹುಡುಗರಲ್ಲಿ ಸಣ್ಣ ಗಾಯವನ್ನು ದೊಡ್ಡದು ಮಾಡಿಕೊಂಡವರು ಬಹುತೇಕ ಹೀಗೆ ತಡೆದುಕೊಂಡವರೇ.

ನಾನು ಬೆಳಗಾವಿಯಲ್ಲಿ ಫಿಸಿಯೋಥೆರಪಿಸ್ಟ್. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೇ ಊರಿನಲ್ಲಿದೆ. ಅಲ್ಲಿನ ಹುಡುಗರನ್ನು ನೋಡಿಕೊಳ್ಳಲು ಸೇನೆಯ ಡಾಕ್ಟರ್‌ಗಳೇ ಇದ್ದಾರೆ. ನನ್ನ ಬಳಿ ಬರುವವರು ಬೇರೆ. ನಾಸಿಕ್, ವೆಲ್ಲಿಂಗ್ಟನ್, ಬೆಂಗಳೂರು, ಜಬಲ್ಪುರದ ಸೆಂಟರ್‌ಗಳಿಂದ ಸಿಕ್ ಲೀವ್ ಮೇಲೆ ಮನೆಗೆ ಬಂದ ಸುತ್ತಲಿನ ಹಳ್ಳಿಗಳ ಹುಡುಗರು. ಜೊತೆಗೆ ಅಪ್ಪ ಇರುತ್ತಾನೆ, ಇಲ್ಲವೇ ಮಾವ. ಹುಡುಗ ಕೂರುವ ಮೊದಲೇ ಅವರ ಪ್ರಶ್ನೆ ಬರುತ್ತದೆ: "ಸರ್ರ, ಇಂವ ಮತ್ತ ಟ್ರೇನಿಂಗಿಗೆ ಹೊಕ್ಕಾನಲ್ರೀ?"

ಹೆಚ್ಚಿನವರು ಹೋಗುತ್ತಾರೆ. ಆದರೆ ಯಾವಾಗ ಹೋಗುತ್ತಾರೆ, ಹೋದ ಮೇಲೆ ನಿಲ್ಲುತ್ತಾರಾ ಎನ್ನುವುದರಲ್ಲಿ ಮನೆಯವರ ಪಾಲು ದೊಡ್ಡದು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಬುನಾದಿ ತರಬೇತಿಯಲ್ಲಿ ಕಾಲು ಮುರಿದುಕೊಂಡ ಎಂದರೆ ಜನ ಹಗ್ಗದಿಂದ ಬಿದ್ದಿರಬೇಕು, ಗುಂಡಿ ಹಾರುವಾಗ ಎಡವಿರಬೇಕು ಅಂದುಕೊಳ್ಳುತ್ತಾರೆ. ಅಂಥವೂ ಇವೆ. ಆದರೆ ಬೀಳದೆ, ಪೆಟ್ಟು ತಿನ್ನದೆ ಬರುವ ಗಾಯವೇ ಜಾಸ್ತಿ ಕಾಡುತ್ತದೆ. ಅದರ ಹೆಸರು ಸ್ಟ್ರೆಸ್ ಫ್ರ್ಯಾಕ್ಚರ್. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಮೊಣಕಾಲಿನ ಕೆಳಗಿನ ದಪ್ಪ ಎಲುಬು, ಅಂದರೆ ಟಿಬಿಯಾದಲ್ಲಿ ಇದು ಹೆಚ್ಚು. ಪಾದದ ಎಲುಬುಗಳಲ್ಲೂ ಬರುತ್ತದೆ. 1855ರಲ್ಲೇ ಪ್ರಷ್ಯಾದ ಸೇನೆಯ ಡಾಕ್ಟರ್ ಬ್ರೈಟ್‌ಹಾಪ್ಟ್ ಅವರು ಸೈನಿಕರ ಪಾದ ಊದಿ ನೋಯುವುದನ್ನು ಬರೆದಿಟ್ಟಿದ್ದರು. ಆಗ ಎಕ್ಸ್‌ರೇ ಇರಲಿಲ್ಲ. ಎಲುಬು ಬಿರುಕು ಬಿಟ್ಟಿದೆ ಎಂದು ಗೊತ್ತಾಗಿದ್ದು ಎಕ್ಸ್‌ರೇ ಬಂದ ಮೇಲೆ. ಇಸ್ರೇಲ್ ಸೇನೆಯಲ್ಲಿ 295 ಕಾಲಾಳು ರಿಕ್ರೂಟ್‌ಗಳನ್ನು ತರಬೇತಿಯುದ್ದಕ್ಕೂ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 31 ಶೇಕಡಾ ಜನರಿಗೆ ಇದು ಬಂದಿತ್ತು. ಎಲ್ಲ ಸೇನೆಯಲ್ಲೂ ಅಷ್ಟೇ ಇರುತ್ತದೆ ಎಂದಲ್ಲ. ಆದರೆ ನಿಮ್ಮ ಮಗನ ಕಾಲಿನಲ್ಲಿ ಮಾತ್ರ ಏನೋ ಕೊರತೆ ಇದೆ, ಅವನೊಬ್ಬನೇ ಸೋತ ಎಂದುಕೊಳ್ಳಬೇಡಿ.

ಯಾಕೆ ಹೀಗಾಗುತ್ತದೆ? ಎಲುಬು ಜೀವ ಇರುವ ವಸ್ತು. ಹೊಸ ಭಾರ ಬಿದ್ದಾಗ ಅದು ತನ್ನನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಆದರೆ ಗಟ್ಟಿಯಾಗುವ ಮೊದಲು ಹಳೆಯದನ್ನು ಕೆತ್ತಿ ತೆಗೆಯುತ್ತದೆ. ರಸ್ತೆಗೆ ಹೊಸ ಡಾಂಬರು ಹಾಕುವ ಮುಂಚೆ ಹಳೆಯದನ್ನು ಅಗೆದು ಹಾಕುತ್ತಾರಲ್ಲ, ಹಾಗೆ. ಕೆತ್ತುವ ಕೆಲಸ ಬೇಗ ಆಗುತ್ತದೆ, ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ಹಾಗಾಗಿ ತರಬೇತಿಯ ಮೊದಲ ಕೆಲವು ವಾರ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಓಟ, ಡ್ರಿಲ್, ಬೂಟು, ಬೆನ್ನಮೇಲಿನ ಭಾರ ಎಲ್ಲ ಒಟ್ಟಿಗೆ ಏರುತ್ತವೆ.

ನಮ್ಮ ಹುಡುಗರು ಭರ್ತಿಗೆ ತಯಾರಾಗುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಬೆಳಗಿನ ಜಾವ ಡಾಂಬರು ರಸ್ತೆಯಲ್ಲಿ 1.6 ಕಿ.ಮೀ. ಓಟದ ಟೈಮಿಂಗ್ ಇಳಿಸುವುದೇ ಅವರ ಗುರಿ. ಕೆಲವೇ ನಿಮಿಷಗಳ ಆ ಓಟಕ್ಕೆ ಉಸಿರು ತಯಾರಾಗುತ್ತದೆ, ಎಲುಬು ತಯಾರಾಗುವುದಿಲ್ಲ. ಸೆಂಟರ್‌ನಲ್ಲಿ ದಿನವಿಡೀ ಕಾಲ ಮೇಲೇ ಇರಬೇಕು. ನಿಂತಲ್ಲೇ ಹೆಜ್ಜೆ ಹಾಕುವ ಕದಂ ತಾಲ್‌ನಲ್ಲಿ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುವ ಒಂದೊಂದು ಪೆಟ್ಟೂ ನೇರ ಕಣಕಾಲಿನ ಎಲುಬಿಗೆ ಹೋಗುತ್ತದೆ. ಭರ್ತಿಗೆ ಇನ್ನೂ ಟೈಮ್ ಇರುವ ಹುಡುಗರು ಮನೆಯಲ್ಲಿದ್ದರೆ ಈಗಿನಿಂದಲೇ ಹೊಲದ ದಾರಿಯಲ್ಲಿ ಉದ್ದ ನಡಿಗೆ ರೂಢಿ ಮಾಡಿಸಿ. ಸ್ವಲ್ಪ ಭಾರ ಹೊತ್ತು ನಡೆಯಲಿ. ಓಟದಷ್ಟೇ ಅದೂ ಮುಖ್ಯ.

ಈಗ ಫೋನಿನ ವಿಷಯಕ್ಕೆ ಬರೋಣ. "ಕಾಲು ನೋವು" ಎಂದಾಗ ಮೊದಲು ಇದನ್ನು ಕೇಳಿ: "ನೋವು ಎಲ್ಲಿದೆ ಅಂತ ಒಂದು ಬೆರಳಿಟ್ಟು ತೋರಿಸಬಹುದಾ, ಇಲ್ಲಾ ಇಡೀ ಅಂಗೈ ಸವರಬೇಕಾ?"

ಹೊಸದಾಗಿ ಓಟ ಜಾಸ್ತಿ ಮಾಡಿದವರಿಗೆ ಕಣಕಾಲಿನ ಒಳಬದಿ ಉದ್ದಕ್ಕೂ ನೋಯುವುದುಂಟು. ಅದಕ್ಕೆ ಶಿನ್ ಸ್ಪ್ಲಿಂಟ್ಸ್ ಎನ್ನುತ್ತೇವೆ. ಅದು ಅಂಗೈ ಅಗಲದ ನೋವು. ಓಟ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ ಕುಟುಕುವ ನೋವಾದರೆ ಬಿರುಕಿನ ಅನುಮಾನ ಪಡಬೇಕು. ಗೋಕಾಕ ಕಡೆಯ ಒಬ್ಬ ಹುಡುಗ ನನ್ನ ಮುಂದೆ ಮಂಚದ ಮೇಲೆ ಕೂತು "ಏನಿಲ್ಲ ಸರ್, ಮಸಲ್ ಹಿಡಕೊಂಡೈತಿ" ಎಂದು ನಗುತ್ತಿದ್ದ. ಕಣಕಾಲಿನ ಮೇಲಿನಿಂದ ಹೆಬ್ಬೆರಳು ಒತ್ತುತ್ತ ಬಂದೆ. ಎಲ್ಲೂ ಏನೂ ಇಲ್ಲ. ಪಾದದ ಗಂಟಿಗಿಂತ ಒಂದು ಗೇಣು ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮುಟ್ಟಿದ ಕೂಡಲೇ ಕಾಲು ಎಳೆದುಕೊಂಡ. ಎಂಆರ್‌ಐನಲ್ಲಿ ಬಿರುಕು ಕಂಡಿದ್ದು ಅದೇ ಜಾಗದಲ್ಲಿ. ಅದಕ್ಕೂ ಮೊದಲು ತೆಗೆದಿದ್ದ ಎಕ್ಸ್‌ರೇ ನಾರ್ಮಲ್ ಇತ್ತು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಇದು ಕಾಣದೇ ಇರಬಹುದು. ಹಾಗಾಗಿ "ಎಕ್ಸ್‌ರೇ ನಾರ್ಮಲ್ ಐತಿ, ನಾಟಕ ಮಾಡ್ತಾನ" ಎಂಬ ತೀರ್ಮಾನಕ್ಕೆ ಮನೆಯವರಂತೂ ಬರಬಾರದು.

ಆಮೇಲೆ ಕೇಳಬೇಕಾದ್ದು: ಓಡುವಾಗ ಮಾತ್ರ ನೋವಾ, ನಡೆಯುವಾಗಲೂ ಇದೆಯಾ? ರಾತ್ರಿ ಮಲಗಿದಾಗಲೂ ಇರುತ್ತಾ? ಕುಂಟುತ್ತಿದ್ದೀಯಾ? ಓಟದಿಂದ ನಡಿಗೆಗೆ, ನಡಿಗೆಯಿಂದ ರಾತ್ರಿಗೆ ನೋವು ಸರಿಯುತ್ತಿದ್ದರೆ ಮರುದಿನವೇ ಸಿಕ್ ರಿಪೋರ್ಟ್ ಮಾಡಿ ಎಂಐ ರೂಮಿಗೆ, ಅಂದರೆ ಸೆಂಟರ್‌ನಲ್ಲಿ ಡಾಕ್ಟರ್ ನೋಡುವ ಕೋಣೆಗೆ, ಹೋಗಬೇಕು. ತೊಡೆಯ ಸಂದಿಯಲ್ಲಿ ನೋವು, ಕಾಲಿಟ್ಟರೆ ಆಳದಲ್ಲಿ ಚುಚ್ಚುತ್ತದೆ ಎಂದರೆ ಒಂದು ದಿನವೂ ಕಾಯಬಾರದು. ಅದು ತೊಡೆ ಎಲುಬಿನ ಕುತ್ತಿಗೆಯ ಬಿರುಕು ಇರಬಹುದು. ಅದು ಪೂರ್ತಿ ಮುರಿದರೆ ಆಪರೇಷನ್ ಆಗುತ್ತದೆ, ಸೊಂಟದ ಕೀಲೇ ಹಾಳಾಗಬಹುದು. ಓಟವಾದ ಮೇಲೆ ಕಾಲು ಕಲ್ಲಿನಂತೆ ಬಿಗಿದು ಪಾದ ಜೋಮು ಹಿಡಿಯುವುದು, ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದು, ಇವೂ ತಕ್ಷಣ ಡಾಕ್ಟರ್ ನೋಡಬೇಕಾದ ಲಕ್ಷಣಗಳೇ.

ನಮ್ಮ ಕಡೆಯ ಹುಡುಗರಿಗೆ ಇನ್ನೊಂದು ತೊಡಕಿದೆ. ಎಂಐ ರೂಮಿನಲ್ಲಿ ಮಾತು ನಡೆಯುವುದು ಹಿಂದಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಬಂದವನಿಗೆ "ಪೈರ್ ಮೇ ದರ್ದ್ ಹೈ ಸಾಬ್" ಎನ್ನುವುದಕ್ಕಿಂತ ಮುಂದೆ ಬರುವುದಿಲ್ಲ. ಎಷ್ಟು ದಿನದಿಂದ, ಯಾವಾಗ ಜಾಸ್ತಿ, ರಾತ್ರಿ ಇದೆಯಾ ಎಂದು ಹೇಳಲಾಗದೆ ಎರಡು ಗುಳಿಗೆ ತೆಗೆದುಕೊಂಡು ಬರುತ್ತಾನೆ. ಆ ನಾಲ್ಕು ವಾಕ್ಯಗಳನ್ನು ಫೋನಿನಲ್ಲೇ ಹಿಂದಿಯಲ್ಲಿ ಹೇಳಿಕೊಡಿ. ಬರೆದು ಜೇಬಿನಲ್ಲಿಟ್ಟುಕೊಳ್ಳಲಿ. ಬಾಯಿ ಬರದಿದ್ದರೆ ಬೆರಳಿಟ್ಟು ತೋರಿಸಲಿ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ನೋವನ್ನು ಹೇಳಲು ಬಾರದೆ ವಾರಗಟ್ಟಲೆ ಕಳೆದುಕೊಂಡವರನ್ನು ನೋಡಿದರೆ ಸಂಕಟ ಆಗುತ್ತದೆ.

ದಯವಿಟ್ಟು ಮಾಡಬೇಡಿ ಎಂದು ಕೈಮುಗಿದು ಕೇಳುವ ಒಂದು ಕೆಲಸವಿದೆ. ರಜೆ ಮುಗಿಸಿ ಹೊರಟ ಊರಿನ ಹುಡುಗನ ಕೈಯಲ್ಲಿ ನೋವಿನ ಗುಳಿಗೆಯ ಸ್ಟ್ರಿಪ್ ಕಳಿಸಬೇಡಿ. ಗುಳಿಗೆ ಬಿರುಕನ್ನು ಕೂಡಿಸುವುದಿಲ್ಲ, ಅದರ ಕೂಗನ್ನು ಮುಚ್ಚಿಡುತ್ತದೆ. ಹುಡುಗ ಅದೇ ಕಾಲಿನಲ್ಲಿ ಓಡುತ್ತಾನೆ. ಟಿಬಿಯಾದ ಒಳಬದಿಯ ಬಿರುಕು ಬೇಗ ಗೊತ್ತಾದರೆ ಆರರಿಂದ ಎಂಟು ವಾರ ಓಟ ಬಿಟ್ಟು, ಆಮೇಲೆ ಹಂತಹಂತವಾಗಿ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದೇ ಬಿರುಕು ಪೂರ್ತಿ ಮುರಿದರೆ ಒಳಗೆ ರಾಡ್ ಹಾಕಬೇಕಾಗಬಹುದು. ಆಗ ಮಾತು ತಿಂಗಳುಗಳ ಲೆಕ್ಕಕ್ಕೆ ಹೋಗುತ್ತದೆ, ಸೇವೆಗೆ ತಕ್ಕವನೇ ಎಂದು ತೀರ್ಮಾನಿಸುವ ಮೆಡಿಕಲ್ ಬೋರ್ಡ್ ಮುಂದೆ ನಿಲ್ಲಬೇಕಾಗುತ್ತದೆ.

ಹುಡುಗರು ಮುಚ್ಚಿಡುವುದು ಬೋರ್ಡ್‌ಗೆ ಹೆದರಿ ಅಲ್ಲ, ರೆಲಿಗೇಷನ್‌ಗೆ ಹೆದರಿ. ಅಂದರೆ ತರಬೇತಿಯ ದಿನಗಳು ತಪ್ಪಿದರೆ ತನ್ನ ಹಿಂದೆ ಬರುವ ಬ್ಯಾಚಿಗೆ ಹಾಕುತ್ತಾರೆ. ಜೊತೆಗೆ ಬಂದವರು ತರಬೇತಿಯ ಕೊನೆಗೆ ಪ್ರಮಾಣ ಮಾಡುವ ಕಸಂ ಪರೇಡ್ ಮುಗಿಸಿ ಹೋಗುತ್ತಾರೆ, ಇವನು ಜೂನಿಯರ್‌ಗಳ ನಡುವೆ ಉಳಿಯುತ್ತಾನೆ. ಊರಿನಲ್ಲಿ ಆಗಲೇ ಬ್ಯಾನರ್ ಕಟ್ಟಿ ಕಳಿಸಿರುತ್ತೇವೆ. 2022ರಲ್ಲಿ ಅಗ್ನಿಪಥ ಬಂದ ಮೇಲೆ ಈ ಭಯ ಇನ್ನೂ ಜಾಸ್ತಿಯಾಗಿದೆ. ನಾಲ್ಕೇ ವರ್ಷ ಸೇವೆ, ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ 25 ಶೇಕಡಾ ಜನರನ್ನು. ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ ಎಂದು ಅವನ ತಲೆಯಲ್ಲಿ ಓಡುತ್ತಿರುತ್ತದೆ. ಅದು ಸುಳ್ಳು ಭಯ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಬ್ಯಾಚ್ ಹಿಂದೆ ಬಿದ್ದವನು ಗಟ್ಟಿ ಕಾಲಿನಿಂದ ಪಾಸಾಗುತ್ತಾನೆ. ಮುಚ್ಚಿಟ್ಟವನು ಪಾಸಾಗುವ ಅವಕಾಶವನ್ನೇ ಕಳೆದುಕೊಳ್ಳಬಹುದು. ಮನೆಯಿಂದ "ಬ್ಯಾಚ್ ಹಿಂದಾದ್ರೂ ಪರವಾಗಿಲ್ಲಪ್ಪ, ನಾವು ಯಾರೂ ಬೇಜಾರಾಗಂಗಿಲ್ಲ" ಎಂಬ ಮಾತು ಅವನು ಕೇಳುವ ಮುಂಚೆಯೇ ಹೋಗಬೇಕು. ಇನ್ನೊಂದು ಲಾಭವೂ ಇದೆ. ಎಂಐ ರೂಮಿಗೆ ಹೋದರೆ ಗಾಯ ತರಬೇತಿಯಲ್ಲಿ ಆಯಿತು ಎಂದು ದಾಖಲಾಗುತ್ತದೆ. ಮುಂದೆ ಯಾವ ಬೋರ್ಡ್ ಎದುರು ನಿಂತರೂ ಆ ಕಾಗದ ಅವನ ಪರ ಮಾತಾಡುತ್ತದೆ.

ಸಿಕ್ ಲೀವ್ ಮೇಲೆ ಮನೆಗೆ ಬಂದವನಿಗೆ ಮೊದಲ ಗಂಡಾಂತರ ನೆಂಟರು. "ನಮ್ಮೂರಾಗ ಎಲುಬು ತಿಕ್ಕಾಂವ ಅದಾನ" ಎಂದು ಒಬ್ಬರು, ಬಿಸಿ ಎಣ್ಣೆ ಹಾಕಿ ನೀವಿ ಎಂದು ಇನ್ನೊಬ್ಬರು. ಕೂಡುತ್ತಿರುವ ಬಿರುಕನ್ನು ತಿಕ್ಕಬಾರದು, ನೀವಬಾರದು, ಎಳೆದು ಕಟ್ಟಬಾರದು. ಹಾಗೆಂದು ಹಾಸಿಗೆಯಲ್ಲಿ ಸುಮ್ನೆ ಮಲಗಿಸುವುದೂ ಸರಿಯಲ್ಲ. ಡಾಕ್ಟರ್ ಕಾಲಿಗೆ ಭಾರ ಬೇಡ ಎಂದಿದ್ದರೆ ಊರುಗೋಲು ಬಿಡಬಾರದು. ಆದರೆ ಕೈ, ಎದೆ, ಹೊಟ್ಟೆ, ಬೆನ್ನಿನ ಕಸರತ್ತು ನಿಲ್ಲಿಸುವ ಕಾರಣವಿಲ್ಲ. ಪುಲ್ ಅಪ್ಸ್ ಮಾಡಲಿ, ಇಳಿಯುವಾಗ ಹಾರದೆ ಮೆಲ್ಲಗೆ ಇಳಿಯಲಿ. ಡಾಕ್ಟರ್ ಒಪ್ಪಿದ ಮೇಲೆ ಈಜು, ಸೈಕಲ್ ಶುರು ಮಾಡಿದರೆ ಉಸಿರಿನ ಶಕ್ತಿ ಉಳಿಯುತ್ತದೆ. ಇದರಿಂದ ಮನಸ್ಸಿಗೂ ಒಳ್ಳೆಯದು. ದಿನವಿಡೀ ಮೊಬೈಲಿನಲ್ಲಿ ಬ್ಯಾಚ್‌ಮೇಟ್‌ಗಳ ಫೋಟೋ ನೋಡುತ್ತ ಕೂತವನು ಒಳಗೊಳಗೇ ಕುಸಿಯುತ್ತಾನೆ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಬಡವಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಮೊಟ್ಟೆ, ಬೇಳೆ, ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ ಇರಲಿ. ಹೊಟ್ಟೆ ತುಂಬ ತಿನ್ನುವುದೇ ಮುಖ್ಯ, ಏಕೆಂದರೆ ತರಬೇತಿಯಲ್ಲಿ ಖರ್ಚಾದಷ್ಟು ಊಟ ಸೇರದಿದ್ದರೆ ಎಲುಬು ಕಟ್ಟುವ ಕೆಲಸವೇ ನಿಧಾನವಾಗುತ್ತದೆ. ಅಮೆರಿಕದ ನೌಕಾಪಡೆಯಲ್ಲಿ 5,000ಕ್ಕೂ ಹೆಚ್ಚು ಮಹಿಳಾ ರಿಕ್ರೂಟ್‌ಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಾ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪಡೆದವರಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ 20 ಶೇಕಡಾ ಕಡಿಮೆ ಇತ್ತು. ನಮ್ಮಲ್ಲಿ ಬಿಸಿಲು ಧಾರಾಳ ಇದ್ದರೂ ಡಿ ಕೊರತೆ ಇರುವವರು ಬಹಳ. ರಕ್ತ ಪರೀಕ್ಷೆ ಮಾಡಿಸಿ. ವಾರಕ್ಕೊಂದು ಕುಡಿಯುವ 60,000 ಯೂನಿಟ್ ಪುಡಿಯನ್ನು ಡಾಕ್ಟರ್ ಹೇಳಿದಷ್ಟು ವಾರ ಮಾತ್ರ ಕೊಡಿ. ಬೀಡಿ, ಸಿಗರೇಟು, ಗುಟ್ಕಾ ಎಲುಬು ಕೂಡುವುದನ್ನು ತಡಮಾಡುತ್ತವೆ. ಈ ಒಂದು ವಿಷಯದಲ್ಲಿ ಮಗನ ಜೊತೆ ಜಗಳ ಆಡಿದರೂ ತಪ್ಪಿಲ್ಲ.

ಮತ್ತೆ ಓಟ ಯಾವಾಗ? ಕ್ಯಾಲೆಂಡರ್ ನೋಡಿ ಹೇಳುವ ಮಾತಲ್ಲ ಅದು. ಬಿರುಕಿದ್ದ ಜಾಗ ಒತ್ತಿದರೆ ನೋಯಬಾರದು, ಅರ್ಧ ಗಂಟೆ ಜೋರಾಗಿ ನಡೆದರೂ ನೋಯಬಾರದು, ಮರುದಿನ ಬೆಳಿಗ್ಗೆಯೂ ಏನೂ ಇರಬಾರದು. ಇಷ್ಟಾದ ಮೇಲೆ ಡಾಕ್ಟರ್ ಅಥವಾ ಫಿಸಿಯೋ ಮುಂದೆ ಒಂಟಿ ಕಾಲಿನಲ್ಲಿ ಕುಪ್ಪಳಿಸಿ ತೋರಿಸಬೇಕು. ಆಮೇಲೆ ಮಣ್ಣಿನ ಮೈದಾನದಲ್ಲಿ ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ. ಹೆಚ್ಚಿಸುವಾಗ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಬೇಕು. ದೂರ ಹೆಚ್ಚಾದ ವಾರ ವೇಗ ಹೆಚ್ಚಬಾರದು. ಬೂಟು, ಬೆನ್ನಿನ ಭಾರ, ಕಾಲು ಕುಟ್ಟುವ ಡ್ರಿಲ್ ಎಲ್ಲಕ್ಕಿಂತ ಕೊನೆಗೆ. ಹುಡುಗರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನೋವು ಹೋದ ಮೊದಲ ದಿನವೇ 5 ಕಿ.ಮೀ. ಟೈಮಿಂಗ್ ನೋಡಲು ಹೋಗುತ್ತಾರೆ. ಆ ದಿನ ಅಪ್ಪನೋ ಅಣ್ಣನೋ ಮೈದಾನದಲ್ಲಿ ಇದ್ದರೆ ಚೆನ್ನ.

ಇಷ್ಟರ ನಡುವೆ ಅವನ ಮಾತಿನ ಕಡೆಯೂ ಕಿವಿ ಇರಲಿ. ಬ್ಯಾರಕಿನಲ್ಲಿ ಕೆಲವರು "ಕಾಮಚೋರ್" ಎಂದಿರುತ್ತಾರೆ, ಊರಿನಲ್ಲಿ "ಓಡಿ ಬಂದಾನ?" ಎಂದು ಕೇಳಿರುತ್ತಾರೆ. ನಿದ್ದೆ ಬಿಟ್ಟು ಕೂತರೆ, ಯಾರ ಜೊತೆಗೂ ಸೇರದಿದ್ದರೆ, "ಇನ್ನು ಬದುಕಿ ಏನು" ಎಂಬಂಥ ಮಾತು ಬಂದರೆ ಹಗುರ ಮಾಡಬೇಡಿ. ಒಬ್ಬನನ್ನೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ. ರಜೆಯಲ್ಲಿ ಕಾಲಿನ ನೋವು ಏಕಾಏಕಿ ಹೆಚ್ಚಾದರೂ ಅಷ್ಟೇ. ಹತ್ತಿರದ ಆಸ್ಪತ್ರೆಗೆ ಕರೆದೊಯ್ದು, ಅವತ್ತೇ ಸೆಂಟರ್‌ಗೆ ತಿಳಿಸಿ. ತಿಳಿಸದೆ ಖಾಸಗಿಯಾಗಿ ಆಪರೇಷನ್ ಮಾಡಿಸುವ ಆತುರ ಬೇಡ. ಸೇನಾ ಆಸ್ಪತ್ರೆಗಳಲ್ಲಿ ಇದಕ್ಕೆ ಒಳ್ಳೆಯ ಡಾಕ್ಟರ್‌ಗಳಿದ್ದಾರೆ, ಇಂಥ ಕಾಲುಗಳನ್ನು ಅವರು ನಮಗಿಂತ ಜಾಸ್ತಿ ನೋಡಿದ್ದಾರೆ.

ವಾಪಸ್ ಹೊರಡುವಾಗ ಚಕ್ಕುಲಿ ಡಬ್ಬಿಯ ಜೊತೆ ಒಂದು ಫೈಲ್ ಇರಲಿ. ಅದರಲ್ಲಿ ಎಂಆರ್‌ಐ ಫಿಲ್ಮ್, ಔಷಧಿ ಚೀಟಿ, ಯಾವ ವಾರ ಎಷ್ಟು ಓಡಿದ ಎಂಬ ಒಂದು ಹಾಳೆ ಇರಬೇಕು. ತಲುಪಿದ ದಿನವೇ ಅದನ್ನು ಎಂಐ ರೂಮಿನಲ್ಲಿ ತೋರಿಸಿ, ಎಷ್ಟು ದಿನ ಲೈಟ್ ಡ್ಯೂಟಿ, ಯಾವಾಗ ಪೂರ್ತಿ ಪಿಟಿ ಎಂದು ಬರೆಸಿಕೊಳ್ಳಲಿ. ಆ ಚೀಟಿ ಕೈಯಲ್ಲಿದ್ದರೆ ತರಬೇತಿ ಕೊಡುವ ಉಸ್ತಾದರಿಗೂ ಅವನನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಓಡಿಸಬೇಕು ಎನ್ನುವುದು ಗೊತ್ತಾಗುತ್ತದೆ.