ಕತ್ತರಿಗಳನ್ನು ಹೊತ್ತ ಅಟ್ಟಣಿಗೆ

ಟಿಟಿಪಿ ಎಂಬ ಒಂದೇ ಒಂದು ಪ್ರೋಟೀನ್ ಇಲ್ಲದಂತೆ ಮಾಡಿದ ಇಲಿಗಳ ಮೈ ಸೊರಗಿತು, ಕೀಲುಗಳು ಊದಿಕೊಂಡವು. 1996ರಲ್ಲಿ ಪ್ರಕಟವಾದ ಈ ಪ್ರಯೋಗ ತೋರಿಸಿದ ಕಾರಣ ಇಷ್ಟು: ಉರಿಯೂತವನ್ನು ಕೆರಳಿಸುವ ಟಿಎನ್‌ಎಫ್ ಅವುಗಳಲ್ಲಿ ಮಿತಿಮೀರಿತ್ತು. ಟಿಎನ್‌ಎಫ್ ತಯಾರಿಸಲು ಹೇಳುವ ಸಂದೇಶವಾಹಕ ಆರ್‌ಎನ್‌ಎ ಬೇಗ ಅಳಿಯಬೇಕು, ಅಳಿಯಲಿಲ್ಲ.

ಹಾಗೆಂದು ಟಿಟಿಪಿ ಆರ್‌ಎನ್‌ಎಯನ್ನು ತಾನೇ ಕತ್ತರಿಸುವುದಿಲ್ಲ. ಅದು ಆರ್‌ಎನ್‌ಎಯನ್ನು ಹಿಡಿದು ನಾಟ್1 ಎಂಬ ದೈತ್ಯ ಪ್ರೋಟೀನಿನ ಬಳಿಗೆ ಒಯ್ಯುತ್ತದೆ. ಮನುಷ್ಯರ ನಾಟ್1ರಲ್ಲಿ 2,376 ಅಮೈನೋ ಆಮ್ಲಗಳಿವೆ. ಸೋಜಿಗವೆಂದರೆ ಅದಕ್ಕೂ ಕತ್ತರಿಸಲು ಬಾರದು! ಕತ್ತರಿಸುವ ಕಿಣ್ವಗಳು ಬಂದು ನಿಲ್ಲಲು ಅದು ಅಟ್ಟಣಿಗೆ, ಅಷ್ಟೇ. ಆ 'ಅಷ್ಟೇ' ಎಷ್ಟು ದೊಡ್ಡದು ಎಂಬುದು ಅದರ ರಚನೆಯನ್ನು ನೋಡಿದಾಗಲೇ ತಿಳಿಯುವುದು.

ನಾಟ್1ರ ಬಹುಭಾಗ ಸುರುಳಿಗಳಿಂದಾದದ್ದು. ಎರಡೆರಡು ಸುರುಳಿಗಳು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಯಾಗಿ, ಜೋಡಿಯ ಪಕ್ಕದಲ್ಲಿ ಜೋಡಿ ಕೂತು, ಬಾಗಿದ ಉದ್ದನೆಯ ಗೋಡೆಯಂತಾಗುತ್ತವೆ. ಗೋಡೆಯ ಒಳಬಾಗಿನಲ್ಲಿ ಒಂದು ತೋಡು. ಟಿಟಿಪಿಯ ತುದಿಯಲ್ಲಿರುವ ಹದಿನೈದರಷ್ಟು ಅಮೈನೋ ಆಮ್ಲಗಳ ತುಣುಕು ಸಣ್ಣ ಸುರುಳಿಯಾಗಿ ಆ ತೋಡಿನಲ್ಲಿ ಒರಗುತ್ತದೆ. ಉರಿಯೂತ ಬೇಕಾದ ಹೊತ್ತಿನಲ್ಲಿ ಕೋಶವು ಟಿಟಿಪಿಗೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಟಿಟಿಪಿಗೆ ಅಟ್ಟಣಿಗೆಯನ್ನು ಸೇರಲು ಕಷ್ಟವಾಗಿ ಸಂದೇಶದ ಆಯುಸ್ಸು ಹೆಚ್ಚುತ್ತದೆ.

ಕತ್ತರಿಗಳಿರುವುದು ಗೋಡೆಯ ನಡುಭಾಗದಲ್ಲಿ. ಅಲ್ಲಿ ಕ್ಯಾಫ್1 ಎಂಬ ಕಿಣ್ವ ನೇರವಾಗಿ ಕುಳಿತಿದೆ; ಸಿಸಿಆರ್4 ಎಂಬ ಇನ್ನೊಂದು ಕಿಣ್ವ ಕ್ಯಾಫ್1ರ ಹೆಗಲು ಹಿಡಿದು ನಿಂತಿದೆ. ಎರಡೂ ಸೇರಿ ಆರ್‌ಎನ್‌ಎಯ ಬಾಲದಲ್ಲಿರುವ ಅಡಿನೈನ್ ಎಂಬ ಘಟಕಗಳನ್ನು ಒಂದೊಂದಾಗಿ ಕಡಿಯುತ್ತವೆ. ಅದೇ ನಡುಭಾಗದ ಇನ್ನೊಂದು ಮಗ್ಗುಲಿಗೆ ಡಿಡಿಎಕ್ಸ್6 ಎಂಬ ಪ್ರೋಟೀನ್ ಅಂಟಿಕೊಳ್ಳುತ್ತದೆ ಎಂದು 2014ರ ರಚನೆಗಳು ತೋರಿಸಿದವು. ಆರ್‌ಎನ್‌ಎಯ ತಲೆ ಕಾಯುವ ಟೋಪಿಯನ್ನು ಕಳಚುವ ಪ್ರೋಟೀನ್‌ಗಳಿಗೂ ಈ ಡಿಡಿಎಕ್ಸ್6 ನಂಟು ಬೆಸೆಯುತ್ತದೆ. ಬಾಲ ಕಡಿಯುವವರಿಗೂ ಟೋಪಿ ಕಳಚುವವರಿಗೂ ಹೀಗೆ ಒಂದೇ ನೆಲೆ ಸಿಕ್ಕಿದ್ದು ನನಗಂತೂ ಈ ಇಡೀ ರಚನೆಯ ಅತಿ ಚೆಲುವಾದ ಭಾಗ.

ಬ್ಯಾಕ್ಟೀರಿಯಾ ಹಿಡಿದ ದಾರಿಯೇ ಬೇರೆ. ಇ. ಕೋಲೈನ ಆರ್‌ಎನ್‌ಏಸ್ ಇ ಎಂಬ ಪ್ರೋಟೀನಿನಲ್ಲಿ 1,061 ಅಮೈನೋ ಆಮ್ಲಗಳು. ಮೊದಲರ್ಧ ಕತ್ತರಿ, ಉಳಿದರ್ಧ ಅಟ್ಟಣಿಗೆ. ಈ ಅಟ್ಟಣಿಗೆಗೆ ಗೋಡೆಯೂ ಇಲ್ಲ, ನಿಶ್ಚಿತ ಆಕಾರವೂ ಇಲ್ಲ. ಬಿಚ್ಚಿದ ದಾರದಂತೆ ತೊನೆಯುತ್ತಿರುತ್ತದೆ. ಆ ದಾರದಲ್ಲಿ ಅಲ್ಲಲ್ಲಿ ಪುಟ್ಟ ಗಂಟುಗಳು. ಒಂದು ಗಂಟು ಕೋಶಪೊರೆಗೆ ಅಂಟಿಕೊಳ್ಳುತ್ತದೆ, ಒಂದು ಆರ್‌ಎನ್‌ಎಯ ಮಡಿಕೆ ಬಿಡಿಸುವ ಕಿಣ್ವವನ್ನು ಹಿಡಿಯುತ್ತದೆ, ಒಂದು ಸಕ್ಕರೆ ಒಡೆಯುವ ದಾರಿಯ ಈನೋಲೇಸನ್ನು, ತುದಿಯದು ಆರ್‌ಎನ್‌ಎಯನ್ನು ಬಾಲದಿಂದ ಮೆಲ್ಲುವ ಪಿಎನ್‌ಪಿಏಸನ್ನು.

ಆ ದಾರವನ್ನು ಕತ್ತರಿಸಿ ಹಾಕಿದರೂ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕತ್ತರಿ ಇದ್ದ ಹಾಗೇ ಇದೆ, ಅದರ ಅಲಗೂ ಮೊಂಡಾಗಿಲ್ಲ. ಆದರೂ ಕೋಶದ ಸಂದೇಶಗಳು ಮೊದಲಿನಷ್ಟು ಬೇಗ ಅಳಿಯುವುದಿಲ್ಲ.